ಎಡಗೈಯ ಜಾಗ

ಆ ದಿನ ಸಮುದಾಯ ಭವನದಲ್ಲಿ ಮಷೀನು ಕೆಟ್ಟಿತ್ತು ಎಂದು ಈಗಲೂ ಹೇಳಿಕೊಂಡು ಓಡಾಡುವವರಿದ್ದಾರೆ. ಮೊನ್ನೆ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ನನ್ನ ಅಂಗಡಿಗೆ ಬಂದ ಒಬ್ಬರು ನನ್ನ ಮುಂದೆಯೇ ಹಾಗೆಂದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ, ಬಚಾವಾದರು. ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು ಆಮೇಲೆ ಜಗಳ ಆಡಿದೆ. ಮಷೀನು ಕೆಟ್ಟಿರಲಿಲ್ಲ ಸ್ವಾಮಿ. ನನ್ನ ಅತ್ತಿಗೆ ಅದನ್ನು ನಿಲ್ಲಿಸಿದ್ದಳು. ಇವೆರಡರ ನಡುವಿನ ವ್ಯತ್ಯಾಸ ಏನೆಂದು ಹೇಳದಿದ್ದರೆ ನನಗೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಬೀದಿಯವರಿಗೆಲ್ಲ ಪೀಪಾಯಿ ಅಕ್ಕ. ನಮ್ಮಿಬ್ಬರಿಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿಲ್ಲ, ಹಾಗಾಗಿ ಒಬ್ಬರನ್ನೊಬ್ಬರು ಏಕವಚನದಲ್ಲೇ ಬೈದುಕೊಳ್ಳುತ್ತೇವೆ. ನಾನು ಬಟ್ಟೆ ಆಲ್ಟರೇಶನ್ ಮಾಡುವವಳು, ಅವಳು ನನ್ನನ್ನು ಸೂಜಿ ಎನ್ನುತ್ತಾಳೆ. ಅದು ಕೆಲಸ ನೋಡಿ ಇಟ್ಟ ಹೆಸರೋ ನಾಲಿಗೆ ನೋಡಿ ಇಟ್ಟದ್ದೋ, ನಾನು ಕೇಳಲು ಹೋಗಿಲ್ಲ.

ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವಳು ಪೇಂಟ್ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಬಣ್ಣ ತುಂಬಿದ ಡಬ್ಬಿಗಳು ಬೆಲ್ಟಿನ ಮೇಲೆ ಬರುತ್ತಿದ್ದವು. ಬಲಗೈಯ ರಬ್ಬರ್ ಸುತ್ತಿಗೆಯಿಂದ ಮುಚ್ಚಳದ ಅಂಚಿಗೆ ಮೂರು ಏಟು ಹಾಕಬೇಕು. ಆಮೇಲೆ ಎಡ ಅಂಗೈಯಿಂದ ಮುಚ್ಚಳದ ನಡುವೆ ಒಂದು ತಟ್ಟು. ಮುಚ್ಚಳ ಸರಿಯಾಗಿ ಕೂತಿದ್ದರೆ ಒಂದು ಶಬ್ದ, ಕೂರದಿದ್ದರೆ ಇನ್ನೊಂದು. ಆ ವಿಭಾಗದ ಹೆಂಗಸರೆಲ್ಲ ದಿನವಿಡೀ ಮಾಡುತ್ತಿದ್ದದ್ದು ಇಷ್ಟೇ: ಬಡಿ, ಬಡಿ, ಬಡಿ, ತಟ್ಟು. ಆ ಚಟ ಮನೆಗೂ ಬಂತು. ಬಾಗಿಲು ಹಾಕಿದ ಮೇಲೆ ಎಡಗೈಯಿಂದ ಒಂದು ತಟ್ಟುತ್ತಿದ್ದಳು, ಕಪಾಟು ಮುಚ್ಚಿದ ಮೇಲೆ ಒಂದು. ಒಮ್ಮೆ ಜಗಳ ಮುಗಿಸಿ ಅಣ್ಣನ ಬೆನ್ನ ಮೇಲೂ ತಟ್ಟಿದಳು. "ನನ್ನ ಮಗ ಏನು ಸೋರ್ತಾನಾ?" ಎಂದು ಅಮ್ಮ ಕೇಳಿದ್ದಕ್ಕೆ ಮನೆಯೆಲ್ಲ ನಕ್ಕಿದ್ದು ನೆನಪಿದೆ.

ಮುಂದೆ ಮುಚ್ಚಳ ಹಾಕುವುದಕ್ಕೇ ಒಂದು ಮಷೀನು ಬಂತು. ಹೆಂಗಸರನ್ನೆಲ್ಲ ಹಿಂದಿನ ಗೋದಾಮಿಗೆ ಹಾಕಿದರು, ಖಾಲಿ ಪೀಪಾಯಿ ತೊಳೆಯುವುದಕ್ಕೆ. ಬೇರೆಯವರಾಗಿದ್ದರೆ ಮೂಲೆಯಲ್ಲಿ ಕೂತು ಅಳುತ್ತಿದ್ದರು. ಅತ್ತಿಗೆ ಊಟದ ಬಿಡುವಿನಲ್ಲಿ ಒಂದು ಪೀಪಾಯಿ ಬೋರಲು ಹಾಕಿ ಬಾರಿಸಲು ಕೂತಳು. ಮರುದಿನ ಪಕ್ಕದವಳು ಇನ್ನೊಂದು ಬೋರಲು ಹಾಕಿದಳು. ಮೇಸ್ತ್ರಿ ಬಂದು ಕೂಗಾಡಿದ. ಅವನ ಕೂಗಾಟಕ್ಕೂ ತಾಳ ಹಾಕಿದರು. ಸ್ವಲ್ಪ ದಿನಕ್ಕೆ ಗುಜರಿಗೆ ಹೋಗಬೇಕಿದ್ದ ಪೀಪಾಯಿಗಳು ನಮ್ಮ ಬೀದಿಗೆ ಬಂದವು, ಬೀದಿಯವರ ದೂರು ಸಮುದಾಯ ಭವನಕ್ಕೆ ಹೋಯಿತು. ಭವನದ ಕಾರ್ಯದರ್ಶಿ ಮೇಡಂ ಬಹಳ ಯೋಚಿಸಿ, ಗಲಾಟೆಗೆ ಒಳಗೆ ಜಾಗವಿಲ್ಲ, ಬೇಕಾದರೆ ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ ಬಾರಿಸಿಕೊಳ್ಳಲಿ ಎಂದರು. ತಗಡಿನ ಚಾವಣಿಯ ಕೆಳಗೆ ಹುಟ್ಟಿದ್ದು ಈ ಪೀಪಾಯಿ ಮೇಳ. ಆಮೇಲೆ ಜನ ಇವರನ್ನು ಹುಡುಕಿಕೊಂಡು ಬರುವ ಹಾಗಾದಾಗ "ನಮ್ಮ ಭವನದ ಮೇಳ" ಎಂದು ಹೇಳಿಕೊಂಡವರೂ ಇದೇ ಮೇಡಂ. ಇರಲಿ, ಹೇಳಿಕೊಳ್ಳಲಿ.

ಭವನದ ಆ ದಿನಕ್ಕೆ ಎರಡು ವರ್ಷ ಮೊದಲು ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಫ್ಯಾಕ್ಟರಿಯ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಕನ್ನಡಿಯ ಮುಂದೆ ನಿಂತಿದ್ದಳು. ಎಡಗೈ ಜಾರಿ ಕೆಳಗೆ ಬಿತ್ತು. "ರೀ, ನನ್ನ ಕೈ ಎಲ್ಲಿ?" ಎಂದು ಅಣ್ಣನನ್ನು ಕೇಳಿದಳಂತೆ. ಅಣ್ಣ ಸಿಟಿ ಬಸ್ಸಿನ ಡ್ರೈವರ್, ಎಂಥ ಟ್ರಾಫಿಕ್ಕಿನಲ್ಲೂ ಮಿಸುಕದವನು. ಆ ಬೆಳಿಗ್ಗೆ ಅವನಿಗೆ ಚಪ್ಪಲಿ ಹಾಕಿಕೊಳ್ಳಲೂ ಬರಲಿಲ್ಲ. ಆಸ್ಪತ್ರೆಯಲ್ಲಿ ಲಕ್ವ ಎಂದರು. ಕಾಲು ನಿಧಾನವಾಗಿ ಅವಳ ಮಾತು ಕೇಳಲು ಶುರುಮಾಡಿತು. ಸೊಟ್ಟಗಾಗಿದ್ದ ತುಟಿ ನೆಟ್ಟಗಾಯಿತು. ಮಾತಂತೂ ಹೋಗಿರಲೇ ಇಲ್ಲ, ನರ್ಸುಗಳನ್ನು ಕೇಳಿದರೆ ಗೊತ್ತಾಗುತ್ತದೆ. ಎಡಗೈ ಮಾತ್ರ ಬರಲಿಲ್ಲ.

ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲರದೂ ಒಂದೇ ರಾಗ. ಜೀವ ಉಳಿಯಿತಲ್ಲ, ಇನ್ನು ಆರಾಮಾಗಿ ಕೂತಿರು. ಆರಾಮಾಗಿ ಕೂತಿರು ಎಂದರೆ ಅತ್ತಿಗೆಗೆ ಬೈದ ಹಾಗೆ. ಸರಿಯಾಗಿ ನಡೆಯಲು ಬಂದ ದಿನವೇ ಸೈಕಲ್ ಸ್ಟ್ಯಾಂಡಿಗೆ ಹೊರಟಳು. ಜೊತೆಗೆ ನಾನಿದ್ದೆ.

ಒಂದೇ ಕೈಯಲ್ಲಿ ಬಾರಿಸುವುದು ಕಷ್ಟ ಎಂದುಕೊಂಡಿದ್ದೆ. ಬಾರಿಸುವುದು ಕಷ್ಟವಾಗಲಿಲ್ಲ, ಬಾರಿಸದೆ ಇರುವುದು ಕಷ್ಟವಾಯಿತು. ಬಡಿ, ಬಡಿ, ಬಡಿ, ಆಮೇಲೆ ಎಡಗೈ ಬೀಳಬೇಕಾದ ಕಡೆ ಏನೂ ಇಲ್ಲ. ಆ ಜಾಗ ಬಂದ ಕೂಡಲೇ ಅವಳ ಎಡ ಭುಜ ಜಗ್ಗುತ್ತಿತ್ತು. ಬಲಗೈ ತಡೆಯಲಾರದೆ ಮುಂದಕ್ಕೆ ನುಗ್ಗುತ್ತಿತ್ತು. ಅವಳು ನುಗ್ಗಿದರೆ ಮೇಳವೆಲ್ಲ ಮುಗ್ಗರಿಸುತ್ತಿತ್ತು. ಕೋಲು ಬಿಸಾಕಿ ಎದ್ದು ಹೋಗುವಳು, ತಗಡಿನ ಗೋಡೆಯವರೆಗೆ ಹೋಗಿ ಅದಕ್ಕೆ ಬೈದು ವಾಪಸು ಬರುವಳು. ತಿಂಗಳುಗಟ್ಟಲೆ ಇದೇ ಆಯಿತು. ಒಂದು ಮಧ್ಯಾಹ್ನ ಬಲಗೈ ಸುಮ್ಮನೆ ಕಾದು ನಿಂತಿತು. ಆ ಖಾಲಿ ಜಾಗ ತನ್ನ ಪೂರ್ತಿ ಉದ್ದಕ್ಕೆ ಬಂತು, ಹೋಯಿತು. ಮೇಳದವರೂ ಅವಳ ಜೊತೆ ದಾಟಿದರು.

"ಸೂಜಿ, ಕೇಳಿಸ್ತಾ?" ಎಂದಳು.

"ಏನೂ ಕೇಳಿಸ್ಲಿಲ್ಲ ಕಣೆ."

"ಹಾಂ, ಅದೇ!" ಎಂದು ನಕ್ಕಳು. ಕಾಯಿಲೆಯಾದ ಮೇಲೆ ಅವಳು ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ.

ಈಗ ತಂತಿ ಮೇಷ್ಟ್ರ ವಿಷಯ. ಅವರು ತಾಂತ್ರಿಕ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವರು. ಕೊರಳಲ್ಲಿ ಸದಾ ವೈರು, ಜೇಬಲ್ಲಿ ಬೆಸುಗೆಯ ತುಂಡು. ಆಳು ಬಾಗಿಲು ತುಂಬುವಷ್ಟು, ದನಿ ಮಾತ್ರ ಇರುವೆಗೂ ನೋವಾಗದಷ್ಟು. ಭವನದಲ್ಲಿ ಹೊಸ ಥರದ ಕಾರ್ಯಕ್ರಮ ಮಾಡಬೇಕೆಂದು ಕಾರ್ಯದರ್ಶಿ ಮೇಡಂ ಅವರನ್ನು ಕರೆಸಿದ್ದರು. ಮೇಷ್ಟ್ರು ಪ್ರತಿ ಪೀಪಾಯಿಯ ಒಳಗೆ ಕೋಟಿನ ಗುಂಡಿಯಷ್ಟು ದೊಡ್ಡ ಸೆನ್ಸರ್ ಅಂಟಿಸಿದರು. ದೀಪ ಮಬ್ಬಾಗಿಸಿದ ಭವನದಲ್ಲಿ ಏಟು ಬಿದ್ದರೆ ಎದುರಿನ ಬಿಳಿ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಬಣ್ಣ ಚಿಮ್ಮುತ್ತಿತ್ತು, ಏಟಿಲ್ಲದಾಗ ಗೋಡೆ ಕಪ್ಪು. ನೋಡುವವರಿಗೂ ಕೆಲಸ ಕೊಟ್ಟಿದ್ದರು: ನೆಲದ ತುಂಬ ರಬ್ಬರ್ ಚಾಪೆ, ಅದರ ಮೇಲೆ ಯಾರು ಕಾಲು ಕುಟ್ಟಿದರೂ ಅವರ ಬಣ್ಣವೂ ಶಬ್ದವೂ ಮೇಳದ ಜೊತೆ ಸೇರಿಕೊಳ್ಳುತ್ತಿದ್ದವು.

ಅತ್ತಿಗೆಗೆ ಮಷೀನು ಕಂಡರೆ ಆಗುವುದಿಲ್ಲ ಎಂದು ಆಮೇಲೆ ಕಥೆ ಕಟ್ಟಿದರಲ್ಲ, ಅವರು ಮೊದಲ ದಿನ ಬಂದು ನೋಡಬೇಕಿತ್ತು. ಒಂದು ಏಟು ಹಾಕುವಳು, ಗೋಡೆಯಲ್ಲಿ ಕೆಂಪು ಚಿಮ್ಮಿದರೆ "ಅಯ್ಯೋ ನೋಡೇ!" ಎಂದು ನನ್ನ ತೋಳು ಹಿಡಿದು ಕುಣಿಯುವಳು. ಇಷ್ಟು ವರ್ಷ ಬಣ್ಣ ಡಬ್ಬಿಯೊಳಗೆ ತುಂಬಿದ್ದೇ ತುಂಬಿದ್ದು, ಈಗ ಹೊರಗೆ ಬರ್ತಿದೆ ಎಂದಳು. ಮೇಷ್ಟ್ರನ್ನು ಪ್ರಶ್ನೆ ಕೇಳಿ ಕೇಳಿ ತಲೆ ತಿಂದಳು. ಅವರೂ ಖುಷಿಯಿಂದ ತಿನ್ನಿಸಿಕೊಂಡರು.

ಎಲ್ಲವೂ ಚೆನ್ನಾಗಿಯೇ ಇತ್ತು, ರಿಹರ್ಸಲ್ಲಿನ ದಿನದವರೆಗೆ. ಅಂದು ಭವನದ ಒಳಗೆ ಮೇಳದವರೆಲ್ಲ ಕೂತಿದ್ದರು. ಅಣ್ಣನೂ ರಜೆ ಹಾಕಿ ಬಂದಿದ್ದ, ಅದೇ ನನಗೆ ವಿಚಿತ್ರ ಅನ್ನಿಸಿತ್ತು. ಅತ್ತಿಗೆ ಶುರುಮಾಡಿದಳು. ಬಡಿ, ಬಡಿ, ಬಡಿ. ಆಮೇಲೆ ಸ್ಪೀಕರಿನಿಂದ ತಟ್ಟು ಬಂತು.

ಅದು ಅವಳದೇ ಕೈ. ಯಾರದೋ ಕೈಯಲ್ಲ, ನನಗೆ ಆ ಶಬ್ದ ಗೊತ್ತಿಲ್ಲವೇ? ನಮ್ಮ ಮನೆಯ ಬಾಗಿಲು, ಕಪಾಟು, ಮೇಜು ಎಲ್ಲದರ ಮೇಲೂ ಬಿದ್ದ ಕೈ ಅದು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಮೇಳದವರು ಚಪ್ಪಾಳೆ ಹೊಡೆದರು. ಅಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಅತ್ತಿಗೆ ನಿಲ್ಲಿಸಿದಳು. "ಯಾರದು ಅದು?" ಎಂದಳು.

"ನಿಮ್ದೇ ಅಕ್ಕಾ," ಎಂದರು ಮೇಷ್ಟ್ರು, ಮುಖ ಅರಳಿಸಿಕೊಂಡು. "ನಿಮ್ಮ ಯಜಮಾನ್ರು ಹಳೇ ರೆಕಾರ್ಡಿಂಗ್ ಕೊಟ್ರು. ಅದ್ರಿಂದ ನಿಮ್ಮ ಎಡಗೈ ಶಬ್ದ ಮಾತ್ರ ಬೇರೆ ಮಾಡಿ ತೆಗ್ದೆ. ನೀವು ಬಲಗೈಯಲ್ಲಿ ಮೂರು ಹೊಡೆದ್ರೆ ಸಾಕು, ಮಿಕ್ಕಿದ್ದು ಕಂಪ್ಯೂಟರ್ ನೋಡ್ಕೊಳ್ಳುತ್ತೆ."

ಅವಳು ಬಲಗೈಯಿಂದ ಎಡಗೈಯನ್ನು ಎತ್ತಿ ಪೀಪಾಯಿಯ ಮೇಲೆ ಇಟ್ಟಳು. ಒಗೆದು ಹಿಂಡಿದ ಬಟ್ಟೆಯ ಹಾಗೆ ಅದು ಅಲ್ಲಿ ಬಿದ್ದುಕೊಂಡಿತು. "ನನ್ನದು ಇಲ್ಲಿದೆ ಮೇಷ್ಟ್ರೇ. ಇದು ಬಾರಿಸ್ತಾ? ಇಲ್ಲ ಅಲ್ವಾ? ಹಾಗಿದ್ರೆ ಅದು ಯಾರದು?"

ಅವಳು ಕೋಟು ಹೆಗಲ ಮೇಲೆ ಹಾಕಿಕೊಂಡು ನಡೆದೇಬಿಟ್ಟಳು.

ಮನೆಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ಜಗಳ ಶುರುವಾಯಿತು. ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ. ಹೊರಗೆ ಹೋಗಬೇಕೆಂದರೆ ಇಬ್ಬರ ಮಧ್ಯೆಯೇ ಹೋಗಬೇಕು, ಹಾಗಾಗಿ ಇದ್ದುಬಿಟ್ಟೆ.

"ನನ್ನ ಕೇಳದೆ ಯಾಕ್ರೀ ಕೊಟ್ರಿ?"

"ಕೇಳಿದ್ರೆ ಬೇಡ ಅಂತಿದ್ದೆ."

"ಗೊತ್ತಿದ್ದೂ ಕೊಟ್ರಲ್ಲ!"

ಅಣ್ಣ ಹೊಸ್ತಿಲ ಮೇಲೆ ಕೂತ. "ನೀನು ಆಸ್ಪತ್ರೆಯಲ್ಲಿದ್ದಾಗ ದಿನಾ ಅದನ್ನೇ ಕೇಳ್ತಿದ್ದೆ ಕಣೆ," ಎಂದ. "ತಂಗಿಯ ಅಂಗಡಿ ಶುರುವಾದ ದಿನ ನೀನು ಬಾರಿಸಿದ್ದನ್ನ ಫೋನಲ್ಲಿ ತೆಗ್ದಿದ್ನಲ್ಲ, ಅದು. ಮೆಟ್ಟಿಲ ಮೇಲೆ ಕೂತ್ಕೊಂಡು ಕಿವಿಗೆ ಇಟ್ಕೊಳ್ತಿದ್ದೆ. ಒಂದೇ ಒಂದ್ಸಲ ನೀನು ಮೊದಲಿನ ಹಾಗೆ ಬಾರಿಸಿದ್ದು ಕೇಳ್ಬೇಕು ಅನ್ನಿಸ್ತು. ಅದು ತಪ್ಪಾ?"

ನನ್ನ ಅಣ್ಣ ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅತ್ತಿಗೆ ಕರಗುತ್ತಾಳೆ ಎಂದುಕೊಂಡೆ.

"ಮೊದಲಿನೋಳು ಬೇಕಾ ನಿಮಗೆ?" ಎಂದಳು. "ಹಾಗಾದ್ರೆ ಈ ಎರಡು ವರ್ಷದಿಂದ ನಿಮ್ಮ ಎದುರಿಗೆ ಕೂತು ಊಟ ಮಾಡ್ತಿರೋಳು ಯಾರು? ಅವಳು ಬರೋವರೆಗೂ ಜಾಗ ಹಿಡಿದಿರೋಕೆ ಕೂರಿಸಿದೀರಾ ನನ್ನ? ಅವಳು ಬರಲ್ಲ ರೀ. ಆ ಜಾಗದಲ್ಲಿ ಬೀಳದೆ ದಾಟೋಕೆ ನಾನು ಎಷ್ಟು ಒದ್ದಾಡಿದೆ, ನೀವೇ ನೋಡಿದೀರಿ. ಅದೊಂದು ನಾನೇ ಮಾಡ್ಕೊಂಡಿದ್ದು. ಅದರ ಮೇಲೆ ಸತ್ತ ಕೈ ತಂದು ಮುಚ್ತೀರಲ್ಲ!"

ಅಣ್ಣ ಎದ್ದು ಹೊರಗೆ ಹೋದ. ಅವಳು ಅಲ್ಲೇ ಕೂತು ಅತ್ತಳು, ಮುಚ್ಚುಮರೆಯಿಲ್ಲದೆ, ಜೋರಾಗಿ. ನಾನು ಒದ್ದೆ ಕೈಯಲ್ಲೇ ಅವಳ ಪಕ್ಕ ಕೂತೆ. ನನಗೂ ಆ ಶಬ್ದ ಕೇಳಿ ಅಳು ಬಂದಿತ್ತು ಎಂದು ಹೇಳಿದೆ. "ನಿನಗೆ ಬರದೆ ಇನ್ಯಾರಿಗೆ ಬರುತ್ತೆ, ಹುಚ್ಚಿ," ಎಂದು ನನ್ನ ಸೆರಗಿಗೇ ಮೂಗು ಒರೆಸಿಕೊಂಡಳು.

ಮರುದಿನ ಕಾರ್ಯದರ್ಶಿ ಮೇಡಂ ಕರೆಸಿದರು. ಅವರ ಕೋಣೆಯ ಗೋಡೆಯಲ್ಲಿ ಕಾರ್ಯಕ್ರಮದ ಪೋಸ್ಟರ್ ಆಗಲೇ ಅಂಟಿತ್ತು. ಅದರಲ್ಲಿ ಅತ್ತಿಗೆಯ ಚಿತ್ರ, ಎಡಗೈ ಬಲ್ಬಿನ ಹಾಗೆ ಹೊಳೆಯುತ್ತಿತ್ತು, ಕೆಳಗೆ ದಪ್ಪ ಅಕ್ಷರದಲ್ಲಿ 'ಮರಳಿ ಬಂದ ಕೈ' ಎಂದಿತ್ತು. ನೋಡಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು.

"ನೋಡೀಮ್ಮ, ಇದು ಎಲ್ರಿಗೂ ಸ್ಫೂರ್ತಿ ಕೊಡೋ ವಿಷಯ," ಎಂದರು ಮೇಡಂ, ಜೇನು ಸುರಿಸುತ್ತ. "ನಿಮಗೆ ಬೇಡ ಅನ್ನಿಸಿದ್ರೆ ಒತ್ತಾಯ ಇಲ್ಲ. ಮುಂದಿನ ಸಾಲಲ್ಲಿ ಒಂದು ಒಳ್ಳೆ ಕುರ್ಚಿ ಹಾಕಿಸ್ತೀವಿ, ಗೌರವದಿಂದ ಕೂತ್ಕೊಳ್ಳಿ. ನಿಮ್ಮ ಪೀಪಾಯಿ ಬೇರೆಯವರು ಬಾರಿಸ್ತಾರೆ."

"ಅವಳೇ ಕಟ್ಟಿದ ಮೇಳದಲ್ಲಿ ಅವಳಿಗೇ ಕುರ್ಚಿನಾ?" ಎಂದು ನಾನು ಎದ್ದೆ. ಏನೇನು ಅಂದೆನೋ ಎಲ್ಲವನ್ನೂ ಇಲ್ಲಿ ಬರೆಯುವುದಿಲ್ಲ, ಓದುವವರಲ್ಲಿ ಮಕ್ಕಳಿರಬಹುದು. ಅತ್ತಿಗೆ ನನ್ನನ್ನು ಎಳೆದು ಕೂರಿಸಿದಳು.

"ಕುರ್ಚಿ ನೀವೇ ಇಟ್ಕೊಳ್ಳಿ ಮೇಡಂ," ಎಂದಳು. "ನಾನು ಬಾರಿಸ್ತೀನಿ. ನನ್ನ ಪೀಪಾಯಿ, ನನ್ನ ಒಂದು ಕೈ. ಸ್ಪೀಕರ್ ಕೈ ಬೇಡ."

"ಆದ್ರೆ ಗೋಡೆ ನೋಡಿದೀರಾ? ನಿಮ್ಮದು ಎಲ್ಲಕ್ಕಿಂತ ದೊಡ್ಡ ಪೀಪಾಯಿ. ಅದು ನಿಂತ್ರೆ ಮೇಳವೂ ನಿಲ್ಲುತ್ತೆ, ಗೋಡೆ ಪೂರ್ತಿ ಕಪ್ಪಾಗುತ್ತೆ. ಜನ ಮಷೀನು ಕೆಟ್ಟಿದೆ ಅಂದ್ಕೊಳ್ತಾರೆ."

"ಕಪ್ಪಾದ್ರೆ ಆಗ್ಲಿ. ಕಪ್ಪೂ ಬಣ್ಣ ಅಲ್ವಾ? ನಮ್ಮ ಫ್ಯಾಕ್ಟರಿಯಲ್ಲಿ ಅದಕ್ಕೂ ಡಬ್ಬಿ ಇತ್ತು."

ಬಾಗಿಲಲ್ಲಿ ನಿಂತಿದ್ದ ತಂತಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಮೇಡಂ, ಆ ಕೈನ ನಾನು ನಿನ್ನೇನೇ ಅಳಿಸಿಬಿಟ್ಟೆ," ಎಂದರು. ದನಿ ಅಷ್ಟೇ ಮೆತ್ತಗಿತ್ತು, ಕಿವಿ ಮಾತ್ರ ಕೆಂಪಾಗಿತ್ತು. "ನಂಗೆ ಅದು ತುಂಬಾ ಚೆನ್ನಾಗಿ ಕೇಳಿಸ್ತಿತ್ತು. ಆದ್ರೆ ಅಕ್ಕನ್ನ ಕೇಳದೆ ಮಾಡಿದ್ದೆ. ಈಗ ಇನ್ನೊಂದ್ಸಲ ಮಾಡೋಕೆ ಟೈಮೂ ಇಲ್ಲ." ಮೇಡಂ ಅವರನ್ನು ಸುಟ್ಟುಬಿಡುವ ಹಾಗೆ ನೋಡಿದರು. ಅಷ್ಟು ದೊಡ್ಡ ಮನುಷ್ಯ ಹಾಗೇ ನಿಂತುಕೊಂಡರು, ಅಲ್ಲಾಡಲಿಲ್ಲ. ಆವತ್ತಿನಿಂದ ಅವರ ಪ್ಯಾಂಟುಗಳನ್ನು ನಾನು ಸುಮ್ಮನೇ ಹೊಲಿದುಕೊಡುತ್ತೇನೆ.

ಕಾರ್ಯಕ್ರಮದ ಸಂಜೆ ಭವನ ತುಂಬಿ ಹೋಗಿತ್ತು. ಅಣ್ಣ ಡ್ಯೂಟಿಯ ಬಟ್ಟೆಯಲ್ಲೇ ಬಂದು ಚಾಪೆಯ ಮೇಲೆ, ವೇದಿಕೆಗೆ ಹತ್ತಿರ ನಿಂತಿದ್ದ. ಆ ಜಗಳದ ಮೇಲೆ ಗಂಡಹೆಂಡತಿ ಬೇಕಾದಷ್ಟೇ ಮಾತಾಡಿಕೊಂಡಿದ್ದರು. ಅವನು ಬರುತ್ತಾನೋ ಇಲ್ಲವೋ ಎಂದು ಅವಳು ನನ್ನನ್ನು ಕೇಳಿರಲಿಲ್ಲ. ಆದರೆ ಬಾಗಿಲು ತೆರೆದಾಗಲೆಲ್ಲ ತಿರುಗಿ ನೋಡಿದ್ದನ್ನು ನಾನು ಕಂಡಿದ್ದೆ.

ಅತ್ತಿಗೆ ಬಡಿದಳು. ಕೆಂಪು, ಕೆಂಪು, ಕೆಂಪು, ಆಮೇಲೆ ಗೋಡೆ ಪೂರ್ತಿ ಕಪ್ಪು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಮತ್ತೆ ಮೂರು ಕೆಂಪು, ಮತ್ತೆ ಕಪ್ಪು. ಕರೆಂಟ್ ಹೋಗ್ತಿದೆ ಎಂದರು ಒಬ್ಬರು. ಅಷ್ಟರಲ್ಲಿ ಜನಕ್ಕೆ ಅವಳ ಎಡಗೈ ಕಂಡಿತು. ನಗು ನಿಂತಿತು. ಒಬ್ಬ ಹೆಂಗಸು ಆ ಖಾಲಿ ಜಾಗದಲ್ಲಿ ಚಾಪೆಗೆ ಕಾಲು ಕುಟ್ಟಿದಳು, ಗೋಡೆಯಲ್ಲಿ ಹಳದಿ ಹೊಳೆಯಿತು. ಪಕ್ಕದವರೂ ಕುಟ್ಟಿದರು. ನೋಡನೋಡುತ್ತಿದ್ದಂತೆ ಇಡೀ ಭವನ ಅವಳ ಪರವಾಗಿ ಆ ತಟ್ಟನ್ನು ಹಾಕತೊಡಗಿತು, ಗೋಡೆಯಲ್ಲಿ ಒಂದಿಷ್ಟೂ ಕಪ್ಪು ಉಳಿಯಲಿಲ್ಲ. ಜನರ ಕಣ್ಣೆಲ್ಲ ಒದ್ದೆ. ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಅಣ್ಣ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಎಲ್ಲರದೂ ಒಳ್ಳೆಯ ಮನಸ್ಸೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅತ್ತಿಗೆ ಕೋಲು ಎತ್ತಿ ನಿಲ್ಲಿಸಿದಳು. ಮೇಳ ನಿಂತಿತು, ಮೇಷ್ಟ್ರ ಮಷೀನೂ ನಿಂತಿತು. ಕಾಲುಗಳು ಒಂದೊಂದಾಗಿ ಸುಮ್ಮನಾದವು.

"ನಿಮ್ಮದು ದೊಡ್ಡ ಮನಸ್ಸು," ಎಂದಳು. ಮೈಕ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. "ಆದ್ರೆ ಅದು ನನ್ನ ಜಾಗ. ಅಲ್ಲಿ ನನ್ನ ಕೈ ಇತ್ತು, ಈಗ ಇಲ್ಲ. ಇಲ್ಲ ಅನ್ನೋದನ್ನ ನಾನೇ ಬಾರಿಸ್ತಿದೀನಿ. ಯಾರೂ ತುಂಬಿಸೋದು ಬೇಡ. ಮಿಕ್ಕ ಕಡೆ ಎಲ್ಲಾ ಕುಟ್ಟಿ, ನೆಲ ಕಿತ್ತು ಹೋಗೋ ಹಾಗೆ ಕುಟ್ಟಿ. ಅಲ್ಲಿ ಮಾತ್ರ ಕಾಲು ಎತ್ತಿ ಹಿಡೀರಿ. ಕಷ್ಟ ಆಗುತ್ತೆ. ನನಗೂ ಆಗಿತ್ತು."

ಜನ ಮುನಿಸಿಕೊಂಡು ಹೊರಟುಹೋದರೆ? ನಾನು ಬಾಗಿಲ ಕಡೆಗೇ ನೋಡುತ್ತಿದ್ದೆ.

ಅವಳು ಬಡಿದಳು. ಈ ಸಲ ಭವನವೆಲ್ಲ ಅವಳ ಬಲಗೈಯ ಜೊತೆ ಕುಟ್ಟಿತು. ಒಂದು, ಎರಡು, ಮೂರು, ಕಿಟಕಿಯ ಗಾಜು ಅದುರಿತು. ಆಮೇಲೆ ಅಷ್ಟೂ ಜನ ಒಂದು ಕಾಲು ಗಾಳಿಯಲ್ಲಿ ಎತ್ತಿಕೊಂಡು ನಿಂತರು. ಮುದುಕರು ಪಕ್ಕದವರ ಹೆಗಲು ಹಿಡಿದರು. ಒಬ್ಬರು ವಾಲಿದರು, ಇನ್ನೊಬ್ಬರು ತಡೆದರು. ಕೆಲವರ ಕಾಲು ತಡೆಯಲಾರದೆ ಬಿದ್ದು, ಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಮಿನುಗಿತು. ಮುಂದಿನ ಸುತ್ತಿನಲ್ಲಿ ಚುಕ್ಕೆಗಳು ಕಡಿಮೆಯಾದವು. ಅದರ ಮುಂದಿನ ಸುತ್ತಿನಲ್ಲಿ ಒಂದೂ ಇರಲಿಲ್ಲ.

ನಾನು ಅಣ್ಣನನ್ನು ನೋಡಿದೆ. ಅಭ್ಯಾಸಬಲದಿಂದ ಅವನ ಕೈಗಳು ತಟ್ಟಲು ಹೊರಟಿದ್ದವು. ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿದ್ದವು. ಅವನು ಅವನ್ನು ಹಾಗೇ ಹಿಡಿದು ನಿಲ್ಲಿಸಿದ್ದ. ಕೈ ತಾಗಲಿಲ್ಲ. ಅವನು ಅಳುತ್ತಿರಲಿಲ್ಲ, ಕಣ್ಣು ಬಿಟ್ಟುಕೊಂಡು ತನ್ನ ಹೆಂಡತಿಯನ್ನು ನೋಡುತ್ತಿದ್ದ. ಅತ್ತಿಗೆ ಅದನ್ನು ಕಂಡಳು. ಆ ಜಾಗವನ್ನು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದಿಟ್ಟಳು, ಆಮೇಲೆ ಮುಂದಿನ ಏಟು ಹಾಕಿದಳು.